ಜೋಲಪ್ಪನವರ ಸನ್ನಿಧಾನಕ್ಕೆ ಎದುರಂಗಡಿ ದರ್ಜಿಯ ಅಹವಾಲು

ಗೆ,
ಶ್ರೀಯುತ ಗಾಳಿಮನುಷ್ಯರು,
ಹಾಸಿಗೆ ಅಂಗಡಿಯ ಮುಂಭಾಗ, ಫ್ಯಾನಿನ ಮೇಲೆ,
ನಾಲ್ಕು ರಸ್ತೆ ಕೂಡುವ ಮೂಲೆ.

ವಿಷಯ: ತಾವು ಹೊತ್ತುಗೊತ್ತಿಲ್ಲದೆ ಜೋಲುವುದರಿಂದಲೂ, ಈಚೆಗೆ ಏಳದೆ ಜೋತೇ ಬಿದ್ದಿರುವುದರಿಂದಲೂ ನನ್ನ ಮನೆಗೆ ಆಗಿರುವ ತೊಂದರೆಯ ಬಗ್ಗೆ.

ಮಾನ್ಯರೇ,

ತಮ್ಮ ಕೆಂಪು ನೈಲಾನ್ ಮೈಗೂ, ಈ ಕಿವಿಯಿಂದ ಆ ಕಿವಿಗೆ ಬಳಿದಿರುವ ನಗುವಿಗೂ, ಅಡಿಯಲ್ಲಿ ಕುಳಿತು ಗಾಳಿ ಊದಿ ತಮ್ಮನ್ನು ಎತ್ತಿ ನಿಲ್ಲಿಸುವ ಆ ಫ್ಯಾನಿಗೂ ಎದುರು ಸಾಲಿನ ದರ್ಜಿಯ ಅನಂತ ನಮಸ್ಕಾರಗಳು. ಪತ್ರ ಬರೆಯುವಾಗ ಮೊದಲು ಕ್ಷೇಮ ಕೇಳುವುದು ವಾಡಿಕೆ. ಆದರೆ ತಾವು ಸದ್ಯ ಯಾವ ಸ್ಥಿತಿಯಲ್ಲಿದ್ದೀರಿ ಎಂಬುದು ನನಗೆ ಬಹಳ ಚೆನ್ನಾಗಿ ಗೊತ್ತಿರುವುದರಿಂದ (ಹೇಗೆ ಗೊತ್ತು ಎನ್ನುವುದನ್ನು ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ) ಆ ಪ್ರಶ್ನೆಯನ್ನು ಬಿಟ್ಟು ನೇರವಾಗಿ ದೂರಿಗೇ ಬರುತ್ತೇನೆ. ಈ ಪತ್ರವನ್ನು ನನ್ನ ಅಂಗಡಿಯ ಗಾಜಿಗೆ ಹೊರಮುಖವಾಗಿ ಅಂಟಿಸಲಿದ್ದೇನೆ. ತಮಗೆ ಓದಲು ಬಾರದಿದ್ದರೆ ದಾರಿಹೋಕರಲ್ಲಿ ಯಾರಾದರೂ ಪುಣ್ಯಾತ್ಮರು ಓದಿ ಹೇಳಿಯಾರು.

ತಾವು ಈ ಮೂಲೆಗೆ ದಯಮಾಡಿಸುವ ಮೊದಲು ‘ಜೋಲು’ ಎನ್ನುವ ಮಾತಿಗೆ ನನ್ನ ಅಂಗಡಿಯಲ್ಲಿ ಒಂದು ಗೌರವದ ಸ್ಥಾನವಿತ್ತು. ಗಿರಾಕಿಯೊಬ್ಬರು ಕನ್ನಡಿಯ ಮುಂದೆ ಬೆನ್ನು ತಿರುಗಿಸಿ ‘ಇಲ್ಲಿ ಜೋಲುತ್ತೆ ನೋಡಿ’ ಎಂದರೆ ಕೋಟಿನ ಭುಜ ಅಗಲವಾಯಿತೆಂದು ಅರ್ಥ. ಅದೇ ಮಾತನ್ನು ಪ್ಯಾಂಟಿನ ಹಿಂಭಾಗ ತಟ್ಟಿಕೊಂಡು ಹೇಳಿದರೆ ಅವರು ತೆಳ್ಳಗಾಗಿದ್ದಾರೆಂದು ಅರ್ಥ, ಆಗ ನಾನು ಮೊದಲು ಅಭಿನಂದಿಸಿ ಆಮೇಲೆ ಟೇಪು ಕೈಗೆತ್ತಿಕೊಳ್ಳುತ್ತೇನೆ. ಕಾಲರ್ ಜೋತರೆ ಒಳಗಿಟ್ಟ ಕ್ಯಾನ್ವಾಸಿನ ತಪ್ಪು, ಅಂದರೆ ನನ್ನ ತಪ್ಪು. ಕಿಟಕಿಯ ಪರದೆ ಜೋಲದೆ ಮರದ ಹಲಗೆಯ ಹಾಗೆ ನಿಂತರೆ ಅದೂ ನನ್ನ ತಪ್ಪೇ, ಯಾಕೆಂದರೆ ಪರದೆಗೆ ಜೋಲುವುದೇ ಉದ್ಯೋಗ. ಒಂದೇ ಮಾತು ಅಂಗಿಗೆ ಬೈಗುಳ, ಪರದೆಗೆ ಶಹಭಾಸ್‌ಗಿರಿ. ಬಾಯಿ ತುಂಬ ಗುಂಡುಸೂಜಿ ಕಚ್ಚಿಕೊಂಡಿರುವ ದರ್ಜಿಗೆ ಇಷ್ಟೆಲ್ಲ ಕೆಲಸಕ್ಕೆ ಒದಗುವ ಚಿಕ್ಕ ಮಾತೊಂದು ಸಿಕ್ಕರೆ ಬಹಳ ಅನುಕೂಲ.

ಅಂಗಡಿಯ ಹಿಂದೆಯೇ ಇರುವ ನಮ್ಮ ಮನೆಯಲ್ಲಿ ಈ ಮಾತಿನ ಯಜಮಾನಿಕೆ ನನ್ನ ಹೆಂಡತಿಯದು. ಶಾಲೆಯಿಂದ ಬಂದ ಮಗಳು ಚೀಲ ಎಸೆದು ಅವಳ ಕೊರಳಿಗೆ ಜೋತುಬೀಳುತ್ತಾಳೆ, ಬಟ್ಟೆ ಒಣಗಿಸುವ ಹಗ್ಗ ಜೋತು ನೆಲ ಮುಟ್ಟುತ್ತದೆ, ಗಿರಾಕಿಯ ಹತ್ತಿರ ಬೈಸಿಕೊಂಡು ಬಂದ ದಿನ ನನ್ನದು ಜೋಲುಮೋರೆ, ಊಟವಾದ ಮೇಲೆ ಕುರ್ಚಿಯಲ್ಲೇ ಕಣ್ಣು ಮುಚ್ಚಿದರೆ ನನ್ನ ತಲೆ ಎಡಕ್ಕೆ ಜೋಲುತ್ತದೆ. ಇದೂ ಸಾಲದೆಂದು ‘ಇನ್ನೂ ಆ ಕಾಲಲ್ಲಿ ತುಳಿಯೋ ಮಿಷಿನ್ನಿಗೇ ಜೋತುಬಿದ್ದಿದೀರಲ್ಲ, ಲೋಕ ಎಲ್ಲಿಗೆ ಹೋಯ್ತು!’ ಎಂದು ನನ್ನ ಕಸುಬಿನ ತತ್ವವನ್ನೂ ಅದೇ ಮಾತಿನಲ್ಲಿ ಮುಗಿಸುತ್ತಾಳೆ. ಕೆಲಸ ಸಿಗುವವರೆಗೆ ಎಂದು ಬಂದು ನಮ್ಮ ಸೋಫಾಕ್ಕೆ ಜೋತುಬಿದ್ದಿರುವ ನನ್ನ ಭಾವಮೈದನ ವಿಷಯದಲ್ಲಿ ಮಾತ್ರ ಆಕೆ ‘ಸುಸ್ತಾಗಿದಾನೆ ಪಾಪ’ ಎಂಬ ಬೇರೆ ಮಾತು ಬಳಸುತ್ತಾಳೆ. ಒಡಹುಟ್ಟಿದವನಲ್ಲವೇ, ಅವನಿಗೆ ಬೇರೆ ನಿಘಂಟು.

ಇಷ್ಟು ಪೀಠಿಕೆ ಯಾಕೆಂದರೆ, ಹೀಗೆ ದಿನಕ್ಕೆ ನೂರು ಸಲ ಓಡಾಡುತ್ತಿದ್ದ ಆ ಮಾತು ಒಂದು ದಿನ ನಮ್ಮ ಮನೆಯಿಂದ ಕಾಣೆಯಾಯಿತು.

ನಮ್ಮ ಅಪ್ಪ ನಿವೃತ್ತ ಟ್ರಾಫಿಕ್ ಪೇದೆ. ತಾವು ಕುಣಿಯುವ ಇದೇ ಮೂಲೆಯಲ್ಲಿ, ಕೆಂಪು-ಹಸಿರು ದೀಪಗಳು ಬರುವ ಮುಂಚೆ, ನಾಲ್ಕು ರಸ್ತೆಗಳ ನಡುವಿನ ಗುಂಡು ಕಟ್ಟೆಯ ಮೇಲೆ ನಿಂತು ಇಡೀ ಸರ್ವಿಸು ಕಳೆದವರು. ಬಿಳಿ ಕೈಗವಸು ತೊಟ್ಟ ಬಲಗೈಯನ್ನು ಅವರು ಒಮ್ಮೆ ಎತ್ತಿದರೆ ಬಸ್ಸು, ಲಾರಿ, ಸೈಕಲ್ಲು, ಕೊನೆಗೆ ಬೀದಿನಾಯಿ ಕೂಡ ನಿಲ್ಲುತ್ತಿತ್ತಂತೆ. ಹೀಗೆಂದು ಹೇಳಿದವರು ಅವರೇ ಆದರೂ ಅಮ್ಮ ಬದುಕಿದ್ದಷ್ಟು ದಿನವೂ ಅದನ್ನು ಅಲ್ಲಗಳೆಯಲಿಲ್ಲ, ಅಮ್ಮ ಅಲ್ಲಗಳೆಯದ ಅಪ್ಪನ ಮಾತು ಅದೊಂದೇ ಇರಬೇಕು. ಮನೆಯಲ್ಲೂ ಅವರದು ಕೈಯದೇ ಆಡಳಿತ. ತಟ್ಟೆಯ ಮೇಲೆ ಅಂಗೈ ಬಂದರೆ ಬಡಿಸಿದ್ದು ಸಾಕು, ಬಾಗಿಲ ಕಡೆ ಕೈ ಬೀಸಿದರೆ ಶಾಲೆಗೆ ಹೊರಡಿ, ಎದೆಯ ಮಟ್ಟಕ್ಕೆ ಬಂದು ನಿಂತರೆ ಜಗಳ ನಿಲ್ಲಿಸಿ. ಆ ಕೈ ನಮಗೆ ಒಂದು ದಿನವೂ ಹೊಡೆಯಲಿಲ್ಲ, ತೋರಿಸಿದರೇ ಸಾಕಾಗುತ್ತಿತ್ತು.

ಹೋದ ವರ್ಷ ಅಪ್ಪನಿಗೆ ಲಕ್ವ ಹೊಡೆಯಿತು. ಮಾತು ಉಳಿಯಿತು, ನಡಿಗೆ ಸ್ವಲ್ಪ ಜೋಲಿ ಹೊಡೆಯುತ್ತಲಾದರೂ ಮರಳಿ ಬಂತು, ಸಿಟ್ಟು ಪೂರ್ತಿಯಾಗಿ ಉಳಿಯಿತು. ಬಲಗೈ ಮಾತ್ರ ಭುಜದಿಂದ ಕೆಳಗೆ ಜೋತುಬಿತ್ತು. ನರ ಸತ್ತಿಲ್ಲ, ಪ್ರಯತ್ನಪಟ್ಟರೆ ಕೈ ಬರುತ್ತದೆ, ಬಿಟ್ಟರೆ ಬಿಟ್ಟ ಹಾಗೇ ಇದ್ದುಬಿಡುತ್ತದೆ ಎಂದರು ಡಾಕ್ಟರು. ಅಂದಿನಿಂದ ನಮ್ಮ ಮನೆಯಲ್ಲಿ ಯಾರೂ ಆ ಮಾತನ್ನು ಆಡಲಿಲ್ಲ. ಕೂತು ತೀರ್ಮಾನಿಸಿದ್ದೇನಲ್ಲ. ಹೆಂಡತಿ ಬಟ್ಟೆಯ ಹಗ್ಗ ‘ಕೆಳಗೆ ಬಂದಿದೆ’ ಎಂದಳು, ನಾನು ಗಿರಾಕಿಯ ಕೋಟು ‘ಸ್ವಲ್ಪ ಸಡಿಲ’ ಎಂದೆ, ಮಗಳು ಯಾರೂ ಹೇಳದೆಯೇ ಕೊರಳಿಗೆ ಜೋತುಬೀಳುವುದನ್ನೇ ಬಿಟ್ಟಳು. ನಾವು ಹೀಗೆ ಆ ಮಾತನ್ನು ಸುತ್ತುಹಾಕಿ ಹೋಗುವುದನ್ನು ಅಪ್ಪ ನೋಡುತ್ತ ಸುಮ್ಮನೆ ಕೂತಿರುತ್ತಿದ್ದರು. ಅವರ ಬೈಗುಳ ಕೇಳಿ ಬೆಳೆದ ನನಗೆ ಆ ಸುಮ್ಮನಿರುವಿಕೆಯನ್ನು ತಡೆದುಕೊಳ್ಳಲು ಆಗುತ್ತಿರಲಿಲ್ಲ.

ಸಂಕಟವಾದರೆ ದರ್ಜಿಯಾದವನು ಏನನ್ನಾದರೂ ಹೊಲಿಯುತ್ತಾನೆ. ಅಪ್ಪ ದಿನಾ ಅಂಗಿಯ ಮೇಲೆ ತೊಡುವ ಬೂದು ಬಣ್ಣದ ತೆಳು ಕೋಟಿನ ಬಲಪಕ್ಕಕ್ಕೆ ನಾನೊಂದು ಅಗಲವಾದ ಜೇಬು ಹೊಲಿದೆ. ಕೈ ಜೋತಾಡಿ ಬಾಗಿಲಿಗೋ ಮೇಜಿನ ಮೂಲೆಗೋ ತಗಲದಿರಲಿ, ನೋಡಿದವರಿಗೆ ಜೇಬಿನಲ್ಲಿ ಕೈಯಿಟ್ಟು ಕೂತ ದೊಡ್ಡ ಮನುಷ್ಯರಂತೆ ಕಾಣಲಿ ಎಂಬುದು ನನ್ನ ಆಲೋಚನೆ. ಕೈ ಸಲೀಸಾಗಿ ಜಾರಲೆಂದು ಒಳಗೆ ಮಳೆಕೋಟಿನ ನುಣುಪು ನೈಲಾನ್ ಬಟ್ಟೆ ಕೊಟ್ಟೆ, ಹರಿಯದಿರಲೆಂದು ಜೋಡಿ ಹೊಲಿಗೆ ಹಾಕಿದೆ. ಅಷ್ಟು ಅಚ್ಚುಕಟ್ಟಾದ ಜೇಬನ್ನು ಅದಕ್ಕೆ ಮೊದಲೂ ಆಮೇಲೂ ನಾನು ಹೊಲಿದಿಲ್ಲ. ವ್ಯಾಯಾಮ ಮಾಡಿಸಲು ಬರುವ ಫಿಸಿಯೋಥೆರಪಿ ಮೇಡಂ ಮಾತ್ರ ಅದನ್ನು ನೋಡಿದವರೇ ‘ಕೈಗೆ ಮನೆ ಕಟ್ಟಿಕೊಟ್ಟುಬಿಟ್ರಲ್ಲ ನೀವು, ಇನ್ನು ಅದು ಯಾಕೆ ಹೊರಗೆ ಬರುತ್ತೆ?’ ಎಂದರು. ಅವರು ರಬ್ಬರ್ ಚೆಂಡು ತಂದರು, ಬಾಗಿಲಿಗೆ ಹಗ್ಗ-ರಾಟೆ ಕಟ್ಟಿದರು, ಗೋಡೆಯ ಮೇಲೆ ಬೆರಳು ನಡೆಸಿ ಎಂದು ಅವರೇ ನಡೆಸಿ ತೋರಿಸಿದರು. ಅಪ್ಪ ಎಲ್ಲಕ್ಕೂ ‘ಆಯ್ತಮ್ಮ, ನಾಳೆ ನೋಡೋಣ’ ಎಂದು, ಎಡಗೈಯಿಂದ ಬಲಗೈಯನ್ನು ಎತ್ತಿ ಜೇಬಿನೊಳಗೆ ಮಲಗಿಸಿ, ಅಂಗಡಿಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ರಸ್ತೆ ನೋಡುತ್ತ ಕೂರುತ್ತಿದ್ದರು.

ಇಂಥ ಹೊತ್ತಿನಲ್ಲಿ ತಮ್ಮ ಶುಭಾಗಮನವಾಯಿತು. ಒಂದು ಬೆಳಗ್ಗೆ ಹಾಸಿಗೆ ಅಂಗಡಿಯ ಮ್ಯಾನೇಜರು ಫ್ಯಾನಿನ ಗುಂಡಿ ಒತ್ತಿದರು, ತಾವು ನೆಲದಿಂದ ಧಡಕ್ಕನೆ ಎದ್ದು ಎರಡಾಳು ಎತ್ತರ ನಿಂತು, ಎರಡೂ ತೋಳನ್ನು ಆಕಾಶಕ್ಕೆ ಎಸೆದು, ಸೊಂಟದಲ್ಲಿ ಮುರಿದು, ಮೂಗಿನಿಂದ ರಸ್ತೆ ಗುಡಿಸಿ, ಮತ್ತೆ ಎದ್ದಿರಿ. ಹಾಸಿಗೆ ಮಾರುವವರು ಇಷ್ಟು ನಿದ್ದೆಗೆಟ್ಟವರನ್ನು ಬಾಗಿಲಲ್ಲಿ ಯಾಕೆ ನಿಲ್ಲಿಸಿದರೋ ನಾನರಿಯೆ. ನನ್ನ ಅಂಗಡಿಯಲ್ಲಿ ಅಳತೆ ಕೊಡಲು ನಿಂತವರು ತಮ್ಮನ್ನು ನೋಡುತ್ತ ಅವರೂ ಸ್ವಲ್ಪ ಸ್ವಲ್ಪ ಓಲಾಡತೊಡಗಿದ್ದರಿಂದ ಆ ವಾರ ನಾನು ಹೊಲಿದ ತೋಳುಗಳು ಒಂದು ಉದ್ದ, ಒಂದು ಗಿಡ್ಡವಾದವು. ಅದನ್ನು ಬೇಕಾದರೆ ಕ್ಷಮಿಸಬಹುದು. ಆದರೆ ಅಪ್ಪ ತಮ್ಮನ್ನು ಕಂಡರು.

ಅವರ ಬುದ್ಧಿಗೆ ಏನೂ ಆಗಿಲ್ಲ, ತಾವು ಬಟ್ಟೆಯ ಬೊಂಬೆ ಎಂಬುದು ಅವರಿಗೆ ಸ್ಪಷ್ಟವಾಗಿ ಗೊತ್ತು. ಅವರ ತಕರಾರು ಇದ್ದದ್ದು ತತ್ವದ ಮೇಲೆ. ನಾಲ್ಕು ರಸ್ತೆ ಕೂಡುವಲ್ಲಿ, ಎಲ್ಲರಿಗೂ ಕಾಣುವ ಎತ್ತರದಲ್ಲಿ, ಒಬ್ಬಾತ ಕೈಯೆತ್ತಿದರೆ ಅದಕ್ಕೊಂದು ಅರ್ಥವಿರಬೇಕೆಂದು ಜೀವಮಾನವಿಡೀ ನಂಬಿದವರು ಅವರು. ‘ಯಾರು ಇವನನ್ನ ಡ್ಯೂಟಿಗೆ ಹಾಕಿದ್ದು? ನಾಲ್ಕು ಕಡೆಯವರಿಗೂ ಒಟ್ಟಿಗೇ ಬನ್ನಿ ಅಂತಾನೆ, ಬಂದ ಮೇಲೆ ಮಲಗಿಬಿಡ್ತಾನೆ!’ ಎಂದು ಅವರು ಗುಡುಗಿದಾಗ ನನ್ನ ಹೆಂಡತಿ ಅಡುಗೆಮನೆಯಿಂದ ಓಡಿಬಂದಳು, ಅಷ್ಟು ದೊಡ್ಡ ದನಿ ಆ ಮನೆಯಲ್ಲಿ ಕೇಳಿ ತಿಂಗಳುಗಳೇ ಆಗಿದ್ದವು. ತಮ್ಮನ್ನು ತಿದ್ದಲು ಅಪ್ಪ ಮೊದಲು ಎಡಗೈ ಎತ್ತಿದರು, ಅದು ಅವರಿಗೇ ಅಸಹ್ಯವಾದಂತೆ ತಕ್ಷಣ ಇಳಿಸಿದರು. ಎದುರಿನಿಂದ ಬರುವ ಗಾಡಿ ನಿಲ್ಲಿಸಲು ಬಲಗೈ, ಎಡಗೈ ತೋರಿಸಿದರೆ ಬೇರೆಯದೇ ಅರ್ಥ, ತಪ್ಪು ಸಿಗ್ನಲ್ ಕೊಡುವುದಕ್ಕಿಂತ ಕೊಡದಿರುವುದೇ ಮೇಲು. ಇದು ಅವರ ಶಾಸ್ತ್ರ. ಅಷ್ಟರಲ್ಲಿ ತಾವು ಪುನಃ ಅವರ ಕಡೆಗೇ ತೋಳು ಬೀಸಿ, ಹಲ್ಲು ಕಿರಿದು, ದಬಕ್ಕನೆ ಮಡಚಿಕೊಂಡಿರಿ. ಆಗ ಜೇಬಿನೊಳಗಿದ್ದ ಕೈ ಅಲುಗಿತು. ಹೆಬ್ಬೆರಳು ಜೇಬಿನ ಬಾಯಿಗೆ ಬಂತು, ಹಿಂದೆಯೇ ಉಳಿದ ಬೆರಳುಗಳು ಬಂದವು, ಮಣಿಕಟ್ಟು ನಡುಗುತ್ತ ನಡುಗುತ್ತ ಹೊರಗೆ ಬಂದು, ತೊಡೆಯಿಂದ ಒಂದು ಗೇಣು ಮೇಲೆ ನಿಂತು, ಮತ್ತೆ ಜೋತುಬಿತ್ತು.

ಮಿಷಿನ್ನಿನ ಮೇಲೆ ನನ್ನ ಕಾಲು ಹಾಗೇ ತುಳಿಯುತ್ತಲೇ ಇತ್ತು, ಹೊಲಿಗೆ ಕಾಲರ್ ದಾಟಿ ಅಂಗಿಯ ಎದೆಯ ಮೇಲೆ ಹರಿದುಹೋಗಿತ್ತು. ಆ ಅಂಗಿಯ ಯಜಮಾನರ ಕ್ಷಮೆಯನ್ನು ಈ ಪತ್ರದ ಮೂಲಕವೇ ಕೋರುತ್ತೇನೆ, ಅದು ಹೊಸ ಫ್ಯಾಷನ್ ಎಂದು ನಾನು ಅವರಿಗೆ ಹೇಳಿದ್ದು ಸುಳ್ಳು.

ಅಂದಿನಿಂದ ತಾವು ನಮ್ಮ ಮನೆಗೆ ಮಾಡಿದ ಉಪಕಾರವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ತಮ್ಮಂಥ ಅಶಿಸ್ತಿನವರು, ತಮ್ಮಂಥ ಬೇಜವಾಬ್ದಾರಿಯವರು, ತಮ್ಮಷ್ಟು ತಪ್ಪು ಸಿಗ್ನಲ್ ಕೊಡುವವರು ಈ ಭೂಮಂಡಲದಲ್ಲಿ ಇನ್ನೊಬ್ಬರು ಸಿಕ್ಕಲಾರರು. ರಬ್ಬರ್ ಚೆಂಡಿನ ಮೇಲೆ ಅಪ್ಪನಿಗೆ ಸಿಟ್ಟು ಬರುತ್ತಿರಲಿಲ್ಲ, ಗೋಡೆಯೂ ಅವರನ್ನು ಕೆಣಕುತ್ತಿರಲಿಲ್ಲ. ತಾವೋ ಎದ್ದ ಘಳಿಗೆಯಿಂದ ಅವರಿಗೆ ಕೆಲಸ. ತಾವು ಎದ್ದರೆ ಕೈ ಏಳುತ್ತಿತ್ತು, ತಾವು ಜೋತರೆ ‘ನಿಲ್ಲು, ನೆಟ್ಟಗೆ ನಿಲ್ಲು’ ಎಂಬ ಆಜ್ಞೆಯೊಂದಿಗೆ ಇನ್ನೊಂದಿಷ್ಟು ಏಳುತ್ತಿತ್ತು. ತೊಡೆಯ ಮಟ್ಟದಿಂದ ಸೊಂಟಕ್ಕೆ, ಸೊಂಟದಿಂದ ಪಕ್ಕೆಗೆ ಬಂತು. ಫಿಸಿಯೋಥೆರಪಿ ಮೇಡಂ ಒಂದೆರಡು ದಿನ ಮುಖ ಸಣ್ಣಗೆ ಮಾಡಿಕೊಂಡರೂ ಆಮೇಲೆ ಹಾಸಿಗೆ ಅಂಗಡಿ ತೆರೆಯುವ ವೇಳೆಗೇ ಬರತೊಡಗಿದರು, ಹಗ್ಗ-ರಾಟೆಯನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡರು. ತಾವು ಅವರಿಗೆ ಸಹೋದ್ಯೋಗಿಗಳಾದಿರಿ. ದಿನವಿಡೀ ಬಿದ್ದರೂ ಒಮ್ಮೆಯೂ ಜೋಲುಮೋರೆ ಹಾಕದ ತಮ್ಮ ಸ್ವಭಾವವನ್ನು ನನ್ನ ಭಾವಮೈದನಿಗೆ ಮಾದರಿಯಾಗಿ ತೋರಿಸಿದ್ದೂ ಉಂಟು. ಅವನು ಸೋಫಾದಿಂದಲೇ ‘ಅವನಿಗೆ ಫ್ಯಾನ್ ಇದೆ ಭಾವ’ ಎಂದ.

ಇನ್ನೊಂದು ಉಪಕಾರವನ್ನು ತಾವು ಅರಿಯದೆ ಮಾಡಿದಿರಿ. ಒಂದು ಮಧ್ಯಾಹ್ನ ಗಾಳಿ ಕಡಿಮೆಯಾಗಿ ತಾವು ಅರ್ಧಕ್ಕೇ ಬಾಗಿ ನಿಂತಿದ್ದಾಗ ಅಪ್ಪನೇ ಕೂಗಿದರು, ‘ಏ ಜೋಲಪ್ಪ! ಏನೋ ಅದು ಹೆಣದ ಹಾಗೆ ಜೋಲೋದು? ನನ್ನ ಕೈ ನೋಡು, ನನ್ನ ಕೈ!’ ಮನೆಯಲ್ಲಿ ಯಾರೂ ಆಡದಿದ್ದ ಮಾತು ಅವರ ಬಾಯಿಂದಲೇ ಬಂದಿತ್ತು. ಮೊದಲು ನಕ್ಕವರೂ ಅಪ್ಪನೇ. ಆ ಸಂಜೆ ಹೆಂಡತಿ ‘ಹಗ್ಗ ಜೋಲ್ತಾ ಇದೆ, ಬಿಗಿಯಾಗಿ ಕಟ್ಟಬಾರದಾ?’ ಎಂದು ನನ್ನ ಮೇಲೆ ಹರಿಹಾಯ್ದಳು, ಮಗಳು ಓಡಿಬಂದು ಅಮ್ಮನನ್ನು ಬಿಟ್ಟು ತಾತನ ಕೊರಳಿಗೇ ಜೋತುಬಿದ್ದಳು. ಒಂದು ಬೈಗುಳ ಕೇಳಿ ನನಗೆ ಅಷ್ಟು ಸಂತೋಷವಾದದ್ದು ಅದೇ ಮೊದಲು. ಜೋಲಪ್ಪ ಎಂಬ ನಾಮಕರಣ ತಮಗೆ ಆದದ್ದು ಹಾಗೆ, ದಯವಿಟ್ಟು ಅಪಾರ್ಥ ಮಾಡಿಕೊಳ್ಳಬಾರದು.

ಈಗ ನನ್ನ ನಿಜವಾದ ದೂರು. ಮೊನ್ನೆಯ ಬಿರುಗಾಳಿಗೆ ತಾವು ಹಾಸಿಗೆ ಅಂಗಡಿಯ ಬೋರ್ಡಿನ ಕಬ್ಬಿಣಕ್ಕೆ ಸಿಕ್ಕಿ ಬಲಗಂಕುಳಲ್ಲಿ ಹರಿದುಕೊಂಡಿರಿ. ಫ್ಯಾನು ಎಷ್ಟು ಊದಿದರೂ ಗಾಳಿಯೆಲ್ಲ ಆ ಕಿಂಡಿಯಲ್ಲೇ ಸೋರಿಹೋಗಿ, ತಾವು ಒಗೆದು ಹಿಂಡದೆ ನೇತುಹಾಕಿದ ಪ್ಯಾಂಟಿನ ಹಾಗೆ ಬೋರ್ಡಿನಿಂದ ಜೋತುಬಿದ್ದಿರಿ. ಅಪ್ಪ ಮೊದಲ ದಿನ ಕಾದರು, ಎರಡನೆಯ ದಿನ ಬೈದರು. ಮೂರನೆಯ ದಿನ ಮೇಡಂ ಬಂದು ‘ಕೈ ಎತ್ತಿ ತಾತ’ ಎಂದಾಗ ‘ಅವನೇ ರಜಾ ಹಾಕಿದಾನೆ, ನನಗ್ಯಾಕಮ್ಮ ಡ್ಯೂಟಿ’ ಎಂದು ಎಡಗೈಯಿಂದ ಬಲಗೈಯನ್ನು ಎತ್ತಿ ಜೇಬಿನೊಳಗೆ ಇಟ್ಟುಕೊಂಡರು. ಪಕ್ಕೆಯ ಮಟ್ಟಕ್ಕೆ ಬಂದಿದ್ದ ಕೈ ಅದು. ನಾನು ಮ್ಯಾನೇಜರ ಹತ್ತಿರ ಓಡಿದೆ. ಅವರು ಒಳ್ಳೆಯವರೇ, ಆದರೆ ‘ಅದರ ಕಥೆ ಮುಗೀತು, ಮಿನುಗೋ ಬೋರ್ಡು ಬರುತ್ತೆ, ಅದು ಅಲ್ಲಾಡೋದೇ ಇಲ್ಲ’ ಎಂದು ಸಮಾಧಾನ ಹೇಳಿದರು. ಅಲ್ಲಾಡದ, ಬಾಗದ, ತಪ್ಪೇ ಮಾಡದ ಬೋರ್ಡನ್ನು ಕಟ್ಟಿಕೊಂಡು ನಮ್ಮಪ್ಪ ಏನು ಮಾಡಬೇಕು, ತಾವೇ ಹೇಳಿ.

ಆದ್ದರಿಂದ ತಮ್ಮಲ್ಲಿ ಕೆಲವು ವಿನಂತಿಗಳು. ಇನ್ನು ಮುಂದೆ ಹರಿಯುವ ಮೊದಲು ಲಿಖಿತ ಸೂಚನೆ ಕೊಡತಕ್ಕದ್ದು. ಕರೆಂಟು ಹೋದಾಗ ಸ್ವಂತ ಉಸಿರಿನಿಂದ ನಿಲ್ಲಲು ಪ್ರಯತ್ನಿಸತಕ್ಕದ್ದು. ಬಿರುಗಾಳಿಯ ದಿನ ರಜೆ ಹಾಕುವುದಾದರೆ ಬದಲಿಗೆ ಅಷ್ಟೇ ಅಶಿಸ್ತಿನ ಇನ್ನೊಬ್ಬರನ್ನು ಕಳಿಸತಕ್ಕದ್ದು. ಎಲ್ಲಕ್ಕಿಂತ ಮುಖ್ಯವಾಗಿ, ಯಾವ ಕಾರಣಕ್ಕೂ ಟ್ರಾಫಿಕ್ ನಿಯಮ ಕಲಿಯಕೂಡದು. ತಾವು ಸುಧಾರಿಸಿದ ದಿನ ನಾವು ಕೆಟ್ಟೆವು.

ತಾವು ಯಾವ ಸ್ಥಿತಿಯಲ್ಲಿದ್ದೀರೆಂದು ನನಗೆ ಗೊತ್ತು ಎಂದು ಮೊದಲೇ ಹೇಳಿದೆ. ತಾವು ಈಗ ನನ್ನ ಕತ್ತರಿ ಮೇಜಿನ ಮೇಲೆ, ಮೂಗು ಇಸ್ತ್ರಿಪೆಟ್ಟಿಗೆಯ ಪಕ್ಕಕ್ಕೂ ಸೊಂಟ ನೆಲಕ್ಕೂ ಬರುವಂತೆ ಮಲಗಿದ್ದೀರಿ. ಮ್ಯಾನೇಜರಿಂದ ಕೇಳಿ ತಂದದ್ದು. ತಮ್ಮ ಕಂಕುಳಿಗೆ ತೇಪೆ ಹಾಕಲು ಗಾಳಿ ಹಿಡಿಯುವ ಗಟ್ಟಿ ನೈಲಾನಿಗಾಗಿ ನಾನು ಅಂಗಡಿಯ ಚಿಂದಿಚೀಲವನ್ನೆಲ್ಲ ತಡಕಿದೆ, ಹೆಂಡತಿಯ ಹಳೆಯ ಛತ್ರಿಯನ್ನೂ ಬಿಚ್ಚಿ ನೋಡಿದೆ, ಅದು ಹಿಡಿದರೆ ಪುಡಿಯಾಗುತ್ತಿತ್ತು. ಅಪ್ಪ ಕುರ್ಚಿಯಲ್ಲಿ ಕೂತು ಇದೆಲ್ಲ ನೋಡುತ್ತಿದ್ದರು. ಕೊನೆಗೆ ಎದ್ದುಬಂದು, ಒಂಟಿ ಕೈಯಲ್ಲೇ ಕೋಟು ಕಳಚಿ, ಮೇಜಿನ ಮೇಲೆ ಮಲಗಿದ್ದ ತಮ್ಮ ಮುಖಕ್ಕೆ ಅದನ್ನು ಹಾಕಿ ‘ಈ ಜೇಬು ಬಿಚ್ಚು’ ಎಂದರು. ಕೈಯನ್ನು ಎಲ್ಲಿಡುತ್ತೀರಿ ಅಪ್ಪ ಎಂದು ನಾನು ಕೇಳಿದ್ದಕ್ಕೆ ‘ಇಡೋಕೆ ಜಾಗ ಇದ್ದಿದ್ದಕ್ಕೇ ತಾನೇ ಇಟ್ಕೊಂಡಿದ್ದು’ ಎಂದರು. ಜೋಡಿ ಹೊಲಿಗೆ ಬಿಚ್ಚಲು ಬಹಳ ಹೊತ್ತು ಹಿಡಿಯಿತು. ಕಣ್ಣು ಮಂಜಾಗಿ ಎರಡು ಸಲ ಬೆರಳು ಚುಚ್ಚಿಕೊಂಡೆ, ಅದನ್ನು ಬೆಳಕು ಸಾಲದೆಂದು ಮನೆಯವರಿಗೆ ಹೇಳಿದ್ದೇನೆ. ಜೇಬಿನೊಳಗಿನ ಆ ಮಳೆಕೋಟಿನ ಬಟ್ಟೆಯ ತೇಪೆ ಸರಿಯಾಗಿ ಕೂತಿದೆ. ನಾಳೆ ಬೆಳಗ್ಗೆ ತಮ್ಮನ್ನು ಫ್ಯಾನಿಗೆ ಒಪ್ಪಿಸುತ್ತೇನೆ.

ತಮ್ಮ ಏಳುಬೀಳುಗಳಲ್ಲಿ ಸದಾ ಪಾಲುದಾರನಾಗಿ,

ತಮ್ಮ ವಿಶ್ವಾಸಿ,
ಎದುರಂಗಡಿಯ ದರ್ಜಿ
(ಜೋಲುಮೋರೆಯವ ಎಂದು ಕೇಳಿದರೆ ಬೀದಿಯಲ್ಲಿ ಯಾರಾದರೂ ತೋರಿಸುತ್ತಾರೆ)

ತಾಜಾಕಲಂ: ಪತ್ರವನ್ನು ಗಾಜಿಗೆ ಅಂಟಿಸಿದ ಮೇಲೆ ಇಷ್ಟನ್ನು ಸೇರಿಸಬೇಕಾಗಿ ಬಂದಿದೆ. ಇಂದು ಬೆಳಗ್ಗೆ ತಾವು ಎದ್ದಿರಿ, ಎದ್ದ ಕೂಡಲೇ ವಾಡಿಕೆಯಂತೆ ಸಕಲ ನಿಯಮಗಳನ್ನೂ ಮುರಿದಿರಿ. ಅಪ್ಪ ಅಂಗಡಿಯ ಮೆಟ್ಟಿಲಿಳಿದು ರಸ್ತೆಯ ಅಂಚಿನಲ್ಲಿ ನಿಂತು, ಜೇಬಿಲ್ಲದ ಕೋಟಿನ ಪಕ್ಕದಿಂದ ಬಲಗೈಯನ್ನು ಭುಜದವರೆಗೆ ಎತ್ತಿ, ಅಂಗೈ ಬಿಡಿಸಿ ತಮಗೆ ‘ನಿಲ್ಲು’ ಎಂದರು. ತಾವು ನಿಲ್ಲಲಿಲ್ಲ. ಎದುರಿನಿಂದ ಬರುತ್ತಿದ್ದ ನೀರಿನ ಲಾರಿ ನಿಂತಿತು. ಅದರ ಹಿಂದೆ ಬಸ್ಸು ನಿಂತಿತು, ಬಸ್ಸಿನ ಹಿಂದೆ ಇಡೀ ರಸ್ತೆ ನಿಂತಿತು. ಲಾರಿಯ ಡ್ರೈವರು ತಲೆ ಹೊರಹಾಕಿ, ಅಪ್ಪನ ಕೈ ನೋಡಿ, ಇಂಜಿನ್ ಆರಿಸಿ ಕಾದ. ಕಳಿಸಬೇಕಾದರೆ ಕೈಯನ್ನು ಪಕ್ಕಕ್ಕೆ ಬೀಸಬೇಕು, ಅದು ಅಪ್ಪನ ಆ ಕೈಗೆ ಇನ್ನೂ ಆಗುವುದಿಲ್ಲ. ಎಡಗೈ ಬೀಸಲು ಅವರು ಒಪ್ಪಲಿಲ್ಲ. ಆದ್ದರಿಂದ ಎಲ್ಲರೂ ಕಾದರು, ಒಬ್ಬರೂ ಹಾರನ್ ಹೊಡೆಯಲಿಲ್ಲ. ಅಷ್ಟು ಹೊತ್ತೂ ಕುಣಿಯುತ್ತಿದ್ದವರು ತಾವೊಬ್ಬರೇ. ಸಿಗ್ನಲ್ ಉಲ್ಲಂಘನೆಗಾಗಿ ತಮ್ಮ ಮೇಲೆ ಕೇಸು ದಾಖಲಿಸಲು ಅಪ್ಪ ಪೆನ್ನು ಕೇಳುತ್ತಿದ್ದಾರೆ, ಬಲಗೈಯಲ್ಲೇ ಬರೆಯುತ್ತಾರಂತೆ.